ಒಂದೂವರೆ ಮಾರು ದೂರದಿಂದ: ಬೀದಿಯಲ್ಲಿ ಅಪರಿಚಿತರ ಫೋಟೋ ತೆಗೆಯುವ ದಾರಿಗಳ ಹೋಲಿಕೆ

ಗಿಜಿಗುಡುವ ಬೀದಿಯಲ್ಲಿ ಗುರುತಿಲ್ಲದ ಜನರ ಫೋಟೋ ತೆಗೆಯಲು ಹೊರಟವರು ಮೊದಲು ಕೇಳುವುದು, ಯಾವ ಕ್ಯಾಮೆರಾ ಕೊಳ್ಳಲಿ ಅಂತ. ಅದಕ್ಕೆ ಉತ್ತರ ಹೇಳುವ ಮುಂಚೆ ಇನ್ನೊಂದು ವಿಷಯ ಇತ್ಯರ್ಥವಾಗಬೇಕು. ಎದುರಿನ ಮನುಷ್ಯನಿಂದ ಎಷ್ಟು ದೂರದಲ್ಲಿ ನಿಂತು ಕ್ಲಿಕ್ಕಿಸಲು ನಿಮ್ಮಿಂದಾಗುತ್ತದೆ? ಒಂದೂವರೆ ಮೀಟರೋ, ಎರಡೂವರೆಯೋ, ನಾಲ್ಕೋ? ಲೆನ್ಸು, ಫೋಕಸ್ ಮಾಡುವ ಬಗೆ, ಶಟರ್ ವೇಗ, ಕೇಳಿ ತೆಗೆಯುವುದೋ ಕೇಳದೆಯೋ ಎಂಬ ತಕರಾರು, ಎಲ್ಲವೂ ಆ ಅಂಕಿಯ ಬೆನ್ನಿಗೇ ಬರುತ್ತವೆ. ಇಲ್ಲಿನ ಹೋಲಿಕೆಗಳೆಲ್ಲ ಒಂದೇ ಬಗೆಯ ಬೀದಿಗೆ ಸಂಬಂಧಿಸಿದವು: ಎರಡೂ ಬದಿ ಅಂಗಡಿ, ಕಾಲುದಾರಿ ತುಂಬ ಜನ, ಒಂದು ಮಗ್ಗುಲು ಬಿಸಿಲು, ಇನ್ನೊಂದು ಮಗ್ಗುಲು ನೆರಳು. ಪ್ರತಿ ಜೋಡಿಯಲ್ಲೂ ಎರಡನ್ನೂ ಬಳಸಿ ನೋಡಿದ ಮೇಲೆಯೇ ತೀರ್ಪು.

28, 35, 50

ಈ ಮೂರೂ ಲೆನ್ಸಿನ ಫೋಕಲ್ ಲೆಂತ್, ಫುಲ್‌ಫ್ರೇಮ್ (36×24 ಮಿ.ಮೀ. ಸೆನ್ಸರ್) ಲೆಕ್ಕದ ಮಿಲಿಮೀಟರುಗಳು. ಅಂಕಿ ಕಡಿಮೆಯಾದಷ್ಟೂ ನೋಟ ಅಗಲ. ಅದಕ್ಕಿಂತ ಚಿಕ್ಕದಾದ ಎಪಿಎಸ್-ಸಿ ಸೆನ್ಸರ್ ಇರುವ ಕ್ಯಾಮೆರಾದಲ್ಲಿ ಅದೇ ನೋಟಕ್ಕೆ ಹೆಚ್ಚುಕಡಿಮೆ 18, 23, 33 ಬೇಕು.

ನಿಂತ ಮನುಷ್ಯನೊಬ್ಬ ಅಡಿಯಿಂದ ಮುಡಿಯವರೆಗೆ, ಮೇಲೆ ಕೆಳಗೆ ಸ್ವಲ್ಪ ಜಾಗ ಬಿಟ್ಟು ಅಡ್ಡ ಫ್ರೇಮಿನಲ್ಲಿ ಹಿಡಿಸಬೇಕಾದರೆ ಫ್ರೇಮಿಗೆ ಎರಡು ಮೀಟರ್ ಎತ್ತರ ಸಿಗಬೇಕು. ಅದಕ್ಕೆ 28ರಲ್ಲಿ 2.3 ಮೀಟರ್, 35ರಲ್ಲಿ 2.9, 50ರಲ್ಲಿ 4.2 ಮೀಟರ್ ದೂರ ನಿಲ್ಲಬೇಕು. ಸೊಂಟದಿಂದ ಮೇಲೆ ಸಾಕೆಂದರೆ ಇದರ ಅರ್ಧ: 1.2, 1.5, 2.1. ಲೆಕ್ಕ ಸುಲಭ. ಬೇಕಾದ ಎತ್ತರವನ್ನು ಲೆನ್ಸಿನ ಅಂಕಿಯಿಂದ ಗುಣಿಸಿ, ಸೆನ್ಸರಿನ ಎತ್ತರವಾದ 24ರಿಂದ ಭಾಗಿಸಿದರೆ ಆಯಿತು.

ಹೊಸಬರು 50ನ್ನೋ ಅದಕ್ಕಿಂತ ಉದ್ದದ್ದನ್ನೋ ಹಿಡಿಯುವುದು ಧೈರ್ಯ ಸಾಲದೆ. ದೂರ ನಿಂತರೆ ಯಾರೂ ಗಮನಿಸುವುದಿಲ್ಲ ಎಂಬ ಎಣಿಕೆ. ಖಾಲಿ ರಸ್ತೆಯಲ್ಲಿ ಅದು ಸರಿಯೇ. ಜನ ಕಿಕ್ಕಿರಿದಲ್ಲಿ ಮಾತ್ರ ತಲೆಕೆಳಗಾಗುತ್ತದೆ. ನಾಲ್ಕು ಮೀಟರಿನ ನಡುವೆ ಯಾರದೋ ಭುಜ, ಯಾರದೋ ಚೀಲ, ಸೈಕಲ್ಲಿನ ಹ್ಯಾಂಡಲ್ಲು ನುಗ್ಗುತ್ತಲೇ ಇರುತ್ತವೆ. ಹತ್ತು ಫ್ರೇಮಿನಲ್ಲಿ ಮುಖ್ಯ ಮನುಷ್ಯ ಪೂರ್ತಿ ಕಾಣುವುದು ಒಂದೋ ಎರಡೋ. 28ರಲ್ಲಿ ಆ ನಡುವಿನ ಜಾಗವೇ ಇಲ್ಲ. ಎರಡು ಮೀಟರಿನೊಳಗೆ ನುಗ್ಗಲು ಯಾರಿಗೂ ಎಡೆಯಿರುವುದಿಲ್ಲ. ಹಾಗಾಗಿ ಜನ ಹೆಚ್ಚಿದಷ್ಟೂ ಲೆನ್ಸಿನ ಅಂಕಿ ಕಡಿಮೆಯಾಗಬೇಕು. ಕೇಳುವುದಕ್ಕೆ ಉಲ್ಟಾ ಅನ್ನಿಸಬಹುದು, ಬಳಸಿದವರಿಗೆ ಗೊತ್ತು.

28ರ ತೊಂದರೆ ಬೇರೆ ತರಹದ್ದು. ಒಂದು ಮೀಟರಿನ ಆಸುಪಾಸಿನಲ್ಲಿ ಫ್ರೇಮಿನ ಅಂಚಿಗೆ ಬಂದ ಮುಖ ಮೂಲೆಯ ಕಡೆಗೆ ಎಳೆದ ಹಾಗಾಗುತ್ತದೆ, ಕಿವಿ ಹಿಗ್ಗುತ್ತದೆ. ಕ್ಯಾಮೆರಾ ಸ್ವಲ್ಪ ಮೇಲೆ ಕೆಳಗೆ ಬಾಗಿದರೂ ಕಟ್ಟಡಗಳು ಒಳಕ್ಕೋ ಹೊರಕ್ಕೋ ವಾಲುತ್ತವೆ. ಎಲ್ಲಕ್ಕಿಂತ ಹೆಚ್ಚಾಗಿ, ಹಿಂದಿನ ಬೋರ್ಡು, ತಂತಿ, ಕಸದ ಡಬ್ಬಿ ಎಲ್ಲವೂ ಒಳಗೆ ಬರುತ್ತವೆ. ಮುಂದೆ, ನಡುವೆ, ಹಿಂದೆ ಮೂರು ಪದರವನ್ನೂ ತುಂಬಿಸಲು ಬಾರದವರಿಗೆ 28 ಬರೀ ಗೊಂದಲ ಕೊಡುತ್ತದೆ. ಅಮೆರಿಕದ ಬೀದಿ ಛಾಯಾಗ್ರಾಹಕ ಗ್ಯಾರಿ ವಿನೋಗ್ರಾಂಡ್ 28ರಲ್ಲಿ ಇದನ್ನು ಪಳಗಿಸಿಕೊಂಡಿದ್ದ. ಫ್ರಾನ್ಸಿನ ಛಾಯಾಗ್ರಾಹಕ ಆನ್ರಿ ಕಾರ್ಟಿಯೇ-ಬ್ರೆಸ್ಸಾನ್ ಬದುಕಿನ ಬಹುಪಾಲು 50ರಲ್ಲೇ ಕಳೆದ. ಇಬ್ಬರ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಲೆನ್ಸಿಗಿಂತ ಮೊದಲು ಕಣ್ಣಿಗೆ ಬೀಳುವುದು ಅವರು ನಿಂತ ದೂರ.

28ಕ್ಕೆ ಒಂದು ಗುಟ್ಟಿನ ಲಾಭವಿದೆ. ಫ್ರೇಮಿನ ಎಡ ಅಥವಾ ಬಲ ಮೂರನೇ ಒಂದು ಭಾಗದಲ್ಲಿ ಇರುವ ಮನುಷ್ಯನಿಗೆ ಕ್ಯಾಮೆರಾ ತನ್ನ ಕಡೆಗಿದೆ ಅನ್ನಿಸುವುದೇ ಇಲ್ಲ. ತನ್ನ ಪಕ್ಕದ ಗೋಡೆಯನ್ನು ತೆಗೆಯುತ್ತಿದ್ದಾರೆ ಅಂದುಕೊಂಡು ಮುಂದೆ ಹೋಗುತ್ತಾನೆ.

ಮೂರರಲ್ಲಿ ಮೊದಲ ಆರು ತಿಂಗಳಿಗೆ 35. ಅದು ತಪ್ಪನ್ನು ಕ್ಷಮಿಸುತ್ತದೆ: ಸ್ವಲ್ಪ ಹತ್ತಿರ ಹೋದರೂ ಮುಖ ಕೆಡುವುದಿಲ್ಲ, ಸ್ವಲ್ಪ ದೂರವಾದರೂ ಮನುಷ್ಯ ಚುಕ್ಕೆಯಾಗುವುದಿಲ್ಲ. 70–200 ಜೂಮಿನ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ಅದು ಬಚ್ಚಿಡಲಾಗದಷ್ಟು ದೊಡ್ಡದು, ನೋಡಿದವರಿಗೆ ಗೂಢಚಾರನ ನೆನಪು ತರುತ್ತದೆ, ಚಿತ್ರದಲ್ಲೂ ಕದ್ದು ನೋಡಿದ ಭಾವವೇ ಉಳಿಯುತ್ತದೆ. ಮನೆಯಲ್ಲಿಡಿ.

ಜೋನ್ ಫೋಕಸ್ಸೋ ಆಟೋಫೋಕಸ್ಸೋ

ಬೀದಿಯಲ್ಲಿ ಕೆಟ್ಟ ಚಿತ್ರಗಳಲ್ಲಿ ಬಹಳಷ್ಟು ಕೆಡುವುದು ಇಲ್ಲಿ, ಅದಕ್ಕೇ ಇದರ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು.

ಜೋನ್ ಫೋಕಸ್ ಎಂದರೆ ಲೆನ್ಸನ್ನು ಒಂದು ದೂರಕ್ಕೆ ಮೊದಲೇ ಕಟ್ಟಿಹಾಕಿ, ಅಪರ್ಚರ್ (ಬೆಳಕು ಒಳಬರುವ ಕಿಂಡಿ, ಎಫ್ ಅಂಕಿ ಹೆಚ್ಚಿದಷ್ಟೂ ಚಿಕ್ಕದು) ಕಿರಿದು ಮಾಡಿ, ಆ ದೂರದ ಹಿಂದೆ ಮುಂದೆ ಸಿಗುವ ಸ್ಪಷ್ಟ ಪಟ್ಟೆಯೊಳಗೆ ಜನ ಬಂದಾಗ ಕ್ಲಿಕ್ಕಿಸುವುದು. ಪಟ್ಟೆ ಎಷ್ಟು ಅಗಲ ಎನ್ನುವುದರ ಮೇಲೆ ಎಲ್ಲವೂ ನಿಂತಿದೆ. ಫುಲ್‌ಫ್ರೇಮಿನಲ್ಲಿ ಎಫ್/8 ಇಟ್ಟು 2.5 ಮೀಟರಿಗೆ ಫೋಕಸ್ ಮಾಡಿದರೆ, ಸೆನ್ಸರಿನ ಮೇಲೆ ಒಂದು ಚುಕ್ಕೆ 0.03 ಮಿ.ಮೀ. ವೃತ್ತವಾಗಿ ಹರಡುವಷ್ಟು ಮಸುಕನ್ನು ಒಪ್ಪಿಕೊಂಡು ಬರುವ ಅಂಕಿಗಳು ಇವು: 28ರಲ್ಲಿ 1.4ರಿಂದ ಸುಮಾರು 10 ಮೀಟರ್, 35ರಲ್ಲಿ 1.7ರಿಂದ 4.9, 50ರಲ್ಲಿ 2ರಿಂದ 3.3 ಮೀಟರ್.

50ರ ಪಟ್ಟೆ ನೋಡಿ, ಒಂದೂಕಾಲು ಮೀಟರ್ ಚಿಲ್ಲರೆ. ಆ ಲೆನ್ಸಿನಲ್ಲಿ ಜೋನ್ ಫೋಕಸ್ ಮಾಡುವುದು ಹಟವಷ್ಟೇ, ಆಟೋಫೋಕಸ್ಸೇ ಸರಿ. 28ರಲ್ಲಿ ತದ್ವಿರುದ್ಧ, ಆಟೋಫೋಕಸ್ಸಿನ ಅಗತ್ಯವೇ ಬೀಳದು. ನಿಜವಾದ ಪೈಪೋಟಿ ಇರುವುದು 35ರಲ್ಲಿ, ಅದೂ ಹಗಲಿನಲ್ಲಿ. ಬೆಳಕು ಇಳಿದಂತೆ ಅಪರ್ಚರ್ ತೆರೆಯಲೇಬೇಕು. ಎಫ್/5.6ರಲ್ಲಿ 35ರ ಪಟ್ಟೆ 1.9ರಿಂದ 3.8 ಮೀಟರಿಗೆ ಕುಗ್ಗುತ್ತದೆ, ಎಫ್/2.8ರಲ್ಲಿ 2.1ರಿಂದ 3ಕ್ಕೆ. ಅಂದರೆ ದೀಪ ಹಚ್ಚುವ ಹೊತ್ತಿಗೆ ಜೋನ್ ಫೋಕಸ್ ಬಿಟ್ಟು ಆಟೋಫೋಕಸ್ಸಿಗೆ ಬದಲಾಗಬೇಕು.

ಆ 0.03 ಎನ್ನುವುದು ಕೈಯಲ್ಲಿ ಹಿಡಿದು ನೋಡುವ ಅಳತೆಯ ಪ್ರಿಂಟಿಗೆ ಒಪ್ಪುವ ಹಳೆಯ ಮಾನದಂಡ. 40 ಮೆಗಾಪಿಕ್ಸೆಲ್ ಚಿತ್ರವನ್ನು ಪರದೆಯ ಮೇಲೆ ನೂರಕ್ಕೆ ನೂರು ಹಿಗ್ಗಿಸಿ ನೋಡುವವರಿಗೆ ಪಟ್ಟೆಯ ಎರಡೂ ಅಂಚುಗಳು ಮೆತ್ತಗೆ ಕಾಣುತ್ತವೆ. ಪಟ್ಟೆಯ ನಡುವಿನ ಅರ್ಧವನ್ನು ಮಾತ್ರ ನಂಬಿ.

ಹೊಂದಿಸುವುದು ಹೀಗೆ. ಲೆನ್ಸನ್ನು ಮ್ಯಾನ್ಯುಯಲ್ ಫೋಕಸ್ಸಿಗೆ ಹಾಕಿ, ಅಪರ್ಚರ್ ಎಫ್/8. ದೂರದ ಗೆರೆಗಳಿರುವ ಲೆನ್ಸಾದರೆ 2.5ಕ್ಕೆ ತಿರುಗಿಸಿದರೆ ಮುಗಿಯಿತು. ಗೆರೆಗಳಿಲ್ಲದ, ಉಂಗುರ ತಿರುಗಿಸಿದರೆ ಮೋಟಾರು ಓಡುವ ಲೆನ್ಸಾದರೆ ಟೇಪು ಹಿಡಿದು ಗೋಡೆಯಿಂದ ಎರಡೂವರೆ ಮೀಟರ್ ಅಳೆದು ನಿಂತು, ಗೋಡೆಗೆ ಫೋಕಸ್ ಮಾಡಿ, ಆಮೇಲೆ ಉಂಗುರ ಮುಟ್ಟಬೇಡಿ. ಇಂಥ ಲೆನ್ಸುಗಳಲ್ಲಿ ಹಲವು, ಕ್ಯಾಮೆರಾ ಆಫ್ ಆದಾಗ ಅಥವಾ ನಿದ್ದೆಗೆ ಹೋದಾಗ ದೂರವನ್ನು ಮರೆತುಬಿಡುತ್ತವೆ. ಎಚ್ಚರಾದ ಮೇಲೆ ಎಲ್ಲಿಗೋ ಹೋಗಿ ಕೂತಿರುತ್ತವೆ, ನಿಮಗೆ ಗೊತ್ತಾಗುವುದು ಮನೆಗೆ ಬಂದ ಮೇಲೆ. ಮೆನುವಿನಲ್ಲಿ ಫೋಕಸ್ ಸ್ಥಾನ ನೆನಪಿಡುವ ಆಯ್ಕೆ ಇದೆಯೇ ನೋಡಿ, ಇಲ್ಲದಿದ್ದರೆ ನಿದ್ದೆಯ ಸಮಯ ಹೆಚ್ಚಿಸಿ. ಗೆರೆಗಳಿರುವ ಲೆನ್ಸಿನ ಕಷ್ಟ ಬೇರೆ: ಚೀಲಕ್ಕೆ, ಅಂಗಿಗೆ ಉಜ್ಜಿ ಉಂಗುರ ತಾನಾಗಿ ಸರಿದಿರುತ್ತದೆ. ಒಂದು ಚೂರು ಗಮ್‌ಟೇಪು ಅದಕ್ಕೆ ಮದ್ದು.

ಇನ್ನು ಕಣ್ಣಿಗೆ ದೂರ ಕಲಿಸುವುದು. ಎರಡೂ ಕೈ ಚಾಚಿದರೆ ಬರುವ ಒಂದು ಮಾರು ಹೆಚ್ಚುಕಡಿಮೆ ನಿಮ್ಮದೇ ಎತ್ತರದಷ್ಟಿರುತ್ತದೆ, 1.7 ಮೀಟರ್ ಅಂದುಕೊಳ್ಳಿ. ಒಂದೂವರೆ ಮಾರು ಎಂದರೆ ನಮಗೆ ಬೇಕಾದ 2.5. ಇನ್ನೂ ನೇರವಾದ ಅಳತೆ ವ್ಯೂಫೈಂಡರಿನೊಳಗೇ ಇದೆ. 35 ಲೆನ್ಸನ್ನು ಅಡ್ಡ ಹಿಡಿದಾಗ ಸಾಧಾರಣ ಎತ್ತರದವನೊಬ್ಬನ ತಲೆ ಮೇಲಿನ ಅಂಚನ್ನೂ ಪಾದ ಕೆಳಗಿನ ಅಂಚನ್ನೂ ಒಟ್ಟಿಗೆ ಮುಟ್ಟಿದರೆ ಅವನು ಸರಿಯಾಗಿ ಎರಡೂವರೆ ಮೀಟರಿನಲ್ಲಿದ್ದಾನೆ. ಮೊಣಕಾಲು ಕತ್ತರಿಸಿದರೆ ಎರಡು ಮೀಟರಿನೊಳಗೆ ಬಂದಿದ್ದಾನೆ. ಸೊಂಟ ಕತ್ತರಿಸಿದರೆ ಪಟ್ಟೆ ದಾಟಿಯಾಯಿತು, ಬೆರಳು ಎತ್ತಿ.

ಆಟೋಫೋಕಸ್ ಎಲ್ಲಿ ಕೈಕೊಡುತ್ತದೆ? ಮುಖ ಗುರುತಿಸುವ ವ್ಯವಸ್ಥೆ ಒಬ್ಬನೇ ಇದ್ದಲ್ಲಿ ಅದ್ಭುತ, ಗುಂಪಿನಲ್ಲಿ ಅಧಿಕಪ್ರಸಂಗಿ. ನಿಮಗೆ ಬೇಕಾದ ಮುದುಕಿಯ ಮುಖ ಪಕ್ಕಕ್ಕೆ ತಿರುಗಿದ ಕ್ಷಣ ಚೌಕ ಹಿಂದಿನ ಯುವಕನ ಮುಖಕ್ಕೆ ಹಾರುತ್ತದೆ, ಕೆಲವೊಮ್ಮೆ ಜಾಹೀರಾತಿನ ಫಲಕದಲ್ಲಿರುವ ಮುಖಕ್ಕೂ. ಎದುರು ಬಿಸಿಲಿದ್ದರೆ ಲೆನ್ಸು ಹಿಂದೆ ಮುಂದೆ ತಡಕಾಡುತ್ತದೆ. ಅಂಗಡಿಯ ಗಾಜಿದ್ದರೆ ಗಾಜಿನೊಳಗಿನ ಬಿಂಬವನ್ನು ಹಿಡಿದು ಕೂರುತ್ತದೆ. ಪರಿಹಾರವೆಂದರೆ ಮುಖಪತ್ತೆ ನಿಲ್ಲಿಸಿ, ನಡುವಿನ ಗಾತ್ರದ ಒಂದೇ ಚೌಕ ಇಟ್ಟುಕೊಂಡು, ನಿರಂತರ ಫೋಕಸ್ಸನ್ನು ಹಿಂಬದಿಯ ಗುಂಡಿಗೆ ಹಾಕಿಕೊಳ್ಳುವುದು. ಹೆಬ್ಬೆರಳು ಫೋಕಸ್ ಮಾಡುತ್ತದೆ, ತೋರುಬೆರಳು ಕ್ಲಿಕ್ಕಿಸುತ್ತದೆ, ಒಂದರ ಕೆಲಸಕ್ಕೆ ಇನ್ನೊಂದು ಕೈಹಾಕುವುದಿಲ್ಲ. ಫೋಕಸ್ಸಿಗೆ ನೆರವಾಗುವ ಕೆಂಪು ಅಥವಾ ಹಸಿರು ದೀಪ ಮತ್ತು ಬೀಪ್ ಸದ್ದನ್ನು ಮೊದಲ ದಿನವೇ ಆರಿಸಿ. ಸಂಜೆಯ ಬೀದಿಯಲ್ಲಿ ಅಪರಿಚಿತರ ಮುಖಕ್ಕೆ ಆ ದೀಪ ಬಿದ್ದರೆ ಬೇರೆ ಪರಿಚಯ ಬೇಕಿಲ್ಲ.

ಇವೆರಡರ ನಡುವಿನ ಒಂದು ಉಪಾಯ ರಿಕೋ ಕಂಪನಿಯ ಜಿಆರ್ ಕ್ಯಾಮೆರಾ ಸರಣಿಯಲ್ಲಿದೆ, ಸ್ನ್ಯಾಪ್ ಫೋಕಸ್ ಎಂದು. ಗುಂಡಿಯನ್ನು ಅರ್ಧ ಒತ್ತಿದರೆ ಆಟೋಫೋಕಸ್. ಒಂದೇ ಏಟಿಗೆ ಪೂರ್ತಿ ಒತ್ತಿದರೆ ಮೊದಲೇ ಇಟ್ಟ 1.5, 2 ಅಥವಾ 2.5 ಮೀಟರಿಗೆ ಹಾರಿ ತಕ್ಷಣ ಕ್ಲಿಕ್. ಆ ಲೆನ್ಸು 18.3 ಮಿ.ಮೀ., ಸೆನ್ಸರು ಎಪಿಎಸ್-ಸಿ. ಎಫ್/5.6ರಲ್ಲಿ 2 ಮೀಟರಿಗೆ ಇಟ್ಟರೆ 1.2ರಿಂದ 6 ಮೀಟರಿನ ಪಟ್ಟೆ ಸಿಗುತ್ತದೆ. ಎರಡನ್ನೂ ಒಂದೇ ಬೆರಳಿನಲ್ಲಿ ಆಳುವ ಇಷ್ಟು ಸರಳ ವ್ಯವಸ್ಥೆ ಎಲ್ಲ ಕ್ಯಾಮೆರಾದಲ್ಲೂ ಇರಬೇಕಿತ್ತು.

ಎ ಮೋಡೋ, ಶಟರ್ ಕಟ್ಟಿಹಾಕುವುದೋ

ಅಪರ್ಚರ್ ಮಾತ್ರ ನಾವಿಟ್ಟು ಶಟರ್ ವೇಗವನ್ನು ಕ್ಯಾಮೆರಾಗೆ ಬಿಡುವ ಎ ಮೋಡ್ ಎಲ್ಲರಿಗೂ ರೂಢಿ. ಅದು ನೆರಳಿಗೆ ಹೋದ ತಕ್ಷಣ 1/125 ಸೆಕೆಂಡಿಗೆ, 1/60ಕ್ಕೆ ಇಳಿಯುತ್ತದೆ. ಕೈ ನಡುಗದಿದ್ದರೆ ಸಾಕೆಂದು ಕ್ಯಾಮೆರಾ ಯೋಚಿಸುತ್ತದೆ, ಎದುರಿನವನ ಕಾಲು ಓಡುತ್ತಿದೆ ಎನ್ನುವುದು ಅದರ ಲೆಕ್ಕದಲ್ಲಿಲ್ಲ.

ಸಾಧಾರಣ ನಡಿಗೆ ಸೆಕೆಂಡಿಗೆ 1.4 ಮೀಟರ್. 35 ಲೆನ್ಸಿನ ಮುಂದೆ ಎರಡೂವರೆ ಮೀಟರಿನಲ್ಲಿ ಅಡ್ಡ ಹಾಯುವವನ ಬಿಂಬ ಸೆನ್ಸರಿನ ಮೇಲೆ ಸೆಕೆಂಡಿಗೆ ಸುಮಾರು 20 ಮಿ.ಮೀ. ಓಡುತ್ತದೆ. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ 1/125ಕ್ಕೆ 26 ಪಿಕ್ಸೆಲ್ ಮಸುಕು, 1/250ಕ್ಕೆ 13, 1/500ಕ್ಕೆ ಆರೇಳು, 1/1000ಕ್ಕೆ ಮೂರು. ಇದು ಮೈಯ ಲೆಕ್ಕ. ಮುಂದಕ್ಕೆ ಬೀಸುವ ಪಾದ ಇದಕ್ಕಿಂತ ವೇಗ. ಎದುರಿಗೇ ಬರುವವನಿಗೆ ಇಷ್ಟು ಬೇಕಿಲ್ಲ, 1/250 ನಡೆಯುತ್ತದೆ. ಅಡ್ಡ ಹಾಯುವವನಿಗೆ 1/500ಕ್ಕಿಂತ ಕೆಳಗೆ ಬೇಡ.

ಆದ್ದರಿಂದ ಮ್ಯಾನ್ಯುಯಲ್ ಮೋಡಿನಲ್ಲಿ ಎಫ್/8, 1/500 ಕಟ್ಟಿಹಾಕಿ ಐಎಸ್ಒ (ಬೆಳಕಿಗೆ ಸೆನ್ಸರಿನ ಸಂವೇದನೆ) ಮಾತ್ರ ಆಟೋ, ಗರಿಷ್ಠ 6400. ಇದು ಎ ಮೋಡನ್ನು ನಿರಾಯಾಸವಾಗಿ ಸೋಲಿಸುತ್ತದೆ. ತೆರೆದ ನೆರಳಿನಲ್ಲಿ ಐಎಸ್ಒ 1000ದ ಆಸುಪಾಸು ಬರುತ್ತದೆ, ಗಾಬರಿಯಾಗುವಂಥದ್ದೇನಲ್ಲ. ಕಾಳುಕಾಳಾದ ಚಿತ್ರವನ್ನು ಸರಿಪಡಿಸಬಹುದು, ಕದಲಿದ ಚಿತ್ರವನ್ನು ಆಗದು. ಸುಡುಬಿಸಿಲಿನಲ್ಲಿ ಮಾತ್ರ ಜೋಕೆ. ಎಫ್/8, 1/500ಕ್ಕೆ ಅಲ್ಲಿ ಐಎಸ್ಒ 125 ಸಾಕು. ಕ್ಯಾಮೆರಾದ ಕನಿಷ್ಠ ಐಎಸ್ಒ 200 ಆಗಿದ್ದರೆ ಚಿತ್ರ ಬೆಳ್ಳಗಾಗುತ್ತದೆ, ಬಿಸಿಲ ಮಗ್ಗುಲಿಗೆ ದಾಟುವಾಗ 1/1000ಕ್ಕೆ ಏರಿಸಿ. ಅಂಗಡಿ ದೀಪಗಳ ಸಂಜೆಗೆ ಎಫ್/2.8, 1/500, ಐಎಸ್ಒ 1600 ಒಳ್ಳೆಯ ಆರಂಭ. ಅರ್ಧ ಬಿಸಿಲು ಅರ್ಧ ನೆರಳಿನ ಬೀದಿಯಲ್ಲಿ ಚಿತ್ರ ಸ್ವಲ್ಪ ಕಪ್ಪಾಗಿ ಬರುವಂತೆ ಎಕ್ಸ್‌ಪೋಷರ್ ಪರಿಹಾರ ಮೈನಸ್ 0.7 ಇಡಿ. ಸುಟ್ಟ ಬಿಳುಪು ಹಿಂತಿರುಗುವುದಿಲ್ಲ, ಕಪ್ಪಿನಿಂದ ಸ್ವಲ್ಪವಾದರೂ ಎತ್ತಬಹುದು.

ಫೋನು, ಜೇಬಿನ ಕ್ಯಾಮೆರಾ, ದೊಡ್ಡದು

ಫೋನಿನ ಮುಖ್ಯ ಲೆನ್ಸು ಸಾಮಾನ್ಯವಾಗಿ 24ರಿಂದ 26ರ ನೋಟದ್ದು, ಅಂದರೆ 28ಕ್ಕಿಂತಲೂ ಅಗಲ. ಸೆನ್ಸರು ಚಿಕ್ಕದಾದ್ದರಿಂದ ಫೋಕಸ್ಸಿನ ತಲೆನೋವು ಬಹುಮಟ್ಟಿಗೆ ಇಲ್ಲ. ಸೋಲುವುದು ಶಟರಿನಲ್ಲಿ. ಬೆಳಕು ಕಡಿಮೆಯಾದ ಕೂಡಲೇ ಅದು ಹಲವು ಫ್ರೇಮುಗಳನ್ನು ಬೆಸೆದು ಒಂದು ಮಾಡುತ್ತದೆ. ನಿಂತ ಗೋಡೆ ಚೊಕ್ಕವಾಗಿ ಬರುತ್ತದೆ, ನಡೆಯುವವನ ಪಾದ ಎರಡಾಗುತ್ತದೆ ಇಲ್ಲವೇ ಮಾಯವಾಗುತ್ತದೆ. ನೈಟ್ ಮೋಡ್ ಮತ್ತು ಪೋರ್ಟ್ರೇಟ್ ಮೋಡ್ ಎರಡನ್ನೂ ನಿಲ್ಲಿಸಿ, ಶಟರ್ ವೇಗ ಹಿಡಿದಿಡಬಲ್ಲ ಆ್ಯಪಿನಲ್ಲಿ 1/500ಕ್ಕೆ ಕಟ್ಟಿ, ವಾಲ್ಯೂಮ್ ಗುಂಡಿಯಿಂದ ಕ್ಲಿಕ್ಕಿಸಿದರೆ ಹಗಲಿನಲ್ಲಿ ಫೋನು ಯಾರಿಗೂ ಕಡಿಮೆಯಿಲ್ಲ.

ಫೋನನ್ನು ಯಾರೂ ಗಮನಿಸುವುದಿಲ್ಲ ಎನ್ನುವುದು ಅರ್ಧ ನಿಜ. ಗಮನಿಸುವವರೆಗೆ ಗಮನಿಸುವುದಿಲ್ಲ. ಗಮನಿಸಿದ ಮೇಲೆ ಕ್ಯಾಮೆರಾಗಿಂತ ಹೆಚ್ಚು ಸಿಟ್ಟು ಬರಿಸುವುದು ಅದೇ, ಯಾಕೆಂದರೆ ಚಿತ್ರ ಮುಂದಿನ ನಿಮಿಷದಲ್ಲೇ ಊರೆಲ್ಲ ಹರಿದಾಡಬಹುದು ಎನ್ನುವುದು ಎಲ್ಲರಿಗೂ ಗೊತ್ತು.

2019ರ ರಿಕೋ ಜಿಆರ್ ತ್ರೀ ಬ್ಯಾಟರಿ, ಕಾರ್ಡು ಸೇರಿ 257 ಗ್ರಾಂ, ಅಂಗಿಯ ಜೇಬಿಗೆ ಹೋಗುತ್ತದೆ, ನೋಟ 28ರದ್ದು. ವ್ಯೂಫೈಂಡರ್ ಇಲ್ಲ, ಬಿಸಿಲಿನಲ್ಲಿ ಪರದೆ ಕಾಣುವುದಿಲ್ಲ, ಬ್ಯಾಟರಿ ಇನ್ನೂರು ಚಿತ್ರಕ್ಕೆ ಉಸ್ಸಪ್ಪಾ ಅನ್ನುತ್ತದೆ. ಅರ್ಧ ದಿನಕ್ಕೆ ಮೂರು ಬ್ಯಾಟರಿ ಲೆಕ್ಕ ಇಟ್ಟುಕೊಳ್ಳಿ. ಒಳಗೆ ದೂಳು ಸೇರುವುದು ಇದರ ಹಳೆಯ ಕಾಯಿಲೆ, ಜೇಬಿನ ನೂಲೆಳೆ ಸೆನ್ಸರಿಗೆ ಅಂಟದಂತೆ ಸಣ್ಣ ಬಟ್ಟೆಚೀಲದಲ್ಲಿಡಿ. 2024ರ ಫ್ಯೂಜಿಫಿಲ್ಮ್ ಎಕ್ಸ್100 ಸಿಕ್ಸ್ 521 ಗ್ರಾಂ, 35ರ ನೋಟ, ಎಫ್/2. ಅದರ ಶಟರ್ ಲೆನ್ಸಿನೊಳಗೇ ಇರುವ ಎಲೆ ಶಟರ್, ಮೂರಡಿ ದೂರದವರಿಗೂ ಕೇಳಿಸದು. ಅದರ ಆಪ್ಟಿಕಲ್ ವ್ಯೂಫೈಂಡರಿನಲ್ಲಿ ಫ್ರೇಮಿನ ಗೆರೆಗಳ ಹೊರಗಿನದೂ ಕಾಣುತ್ತದೆ. ಎಡದಿಂದ ಯಾರು ಒಳಗೆ ಬರುತ್ತಿದ್ದಾರೆ ಎನ್ನುವುದು ಬರುವ ಮುಂಚೆಯೇ ಗೊತ್ತಾಗುವುದು ಬೀದಿಯಲ್ಲಿ ಸಣ್ಣ ಅನುಕೂಲವಲ್ಲ. ಈ ಎರಡರಲ್ಲಿ ಹತ್ತಿರ ಹೋಗಬಲ್ಲವರಿಗೆ ರಿಕೋ, ಕಣ್ಣಿಗೆ ಹಿಡಿದು ನೋಡಿ ತೆಗೆಯುವವರಿಗೆ ಫ್ಯೂಜಿ.

ಲೆನ್ಸ್ ಬದಲಿಸುವ ದೊಡ್ಡ ಕ್ಯಾಮೆರಾ ನಿಮ್ಮಲ್ಲಿದ್ದರೆ ಹೊಸದು ಕೊಳ್ಳಬೇಕಿಲ್ಲ. ಚಿಕ್ಕದೊಂದು 35 ಹಾಕಿ, ಕಂಪನಿಯ ಹೆಸರು ಬರೆದ ಅಗಲ ಕೊರಳಪಟ್ಟಿ ತೆಗೆದು ಮಣಿಕಟ್ಟಿಗೆ ದಾರ ಕಟ್ಟಿಕೊಳ್ಳಿ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರಿನ ಆಸೆಗೆ ಬೀಳುವ ಮುನ್ನ ಒಂದು ಮಾತು. ಸೆನ್ಸರನ್ನು ಸಾಲುಸಾಲಾಗಿ ಓದುವುದರಿಂದ ಹಿಂದೆ ಹೋಗುವ ಬಸ್ಸು ಓರೆಯಾಗುತ್ತದೆ, ಎಲ್ಇಡಿ ದೀಪದ ಕೆಳಗೆ ಚಿತ್ರದ ತುಂಬ ಅಡ್ಡ ಪಟ್ಟೆಗಳು ಬೀಳುತ್ತವೆ. ರಾತ್ರಿ ಯಾಂತ್ರಿಕ ಶಟರೇ ಇರಲಿ.

ಕಣ್ಣು, ಎದೆ, ಸೊಂಟ

ಸೊಂಟದಿಂದ ನೋಡದೆ ಕ್ಲಿಕ್ಕಿಸುವುದು ಕಲಿಯುವವರೆಲ್ಲ ಹಾದುಹೋಗುವ ಚಟ. ತಲೆ ಕತ್ತರಿಸಿ ಹೋಗುತ್ತದೆ, ನೆಲ ವಾಲುತ್ತದೆ, ಮೂಗಿನ ಹೊಳ್ಳೆ ಎದ್ದು ಕಾಣುತ್ತದೆ. ಸಿಕ್ಕಿಬಿದ್ದರೆ ಕಳ್ಳನಂತೆ ಕಾಣುವುದು ಬೇರೆ. ಎದೆಯ ಮಟ್ಟದಲ್ಲಿ ಪರದೆಯನ್ನು ಮೇಲಕ್ಕೆ ಮಡಚಿ, ತಲೆ ಬಗ್ಗಿಸಿ ನೋಡಿ ತೆಗೆಯುವುದು ಪೂರಾ ಬೇರೆ ವಿದ್ಯೆ. ಅಮೆರಿಕದ ಛಾಯಾಗ್ರಾಹಕಿ ವಿವಿಯನ್ ಮೇಯರ್, ಮೇಲಿನಿಂದ ಬಗ್ಗಿ ನೋಡುವ ರೋಲಿಫ್ಲೆಕ್ಸ್ ಕ್ಯಾಮೆರಾದಲ್ಲಿ ಮಾಡಿದ್ದು ಇದನ್ನೇ. ಎದುರಿನವರ ಕಣ್ಣಿಗೂ ನಿಮ್ಮ ಕಣ್ಣಿಗೂ ನಡುವೆ ಕಪ್ಪು ಪೆಟ್ಟಿಗೆ ಬರುವುದಿಲ್ಲ, ಮನುಷ್ಯರು ಸ್ವಲ್ಪ ಎತ್ತರವಾಗಿ, ಗಂಭೀರವಾಗಿ ಕಾಣುತ್ತಾರೆ. ಇದರ ಕುಂದು ನಿಧಾನ. ನಿಂತವರಿಗೆ ಎದೆಮಟ್ಟ, ನಡೆಯುವವರಿಗೆ ಕಣ್ಣುಮಟ್ಟ.

ನಿಂತು ಕಾಯುವುದು, ನಡೆದು ಹುಡುಕುವುದು

ನಡೆದು ಹುಡುಕುವವರಿಗೆ ಸಿಗುವ ಸಮಯ ಎಷ್ಟೆಂದು ಲೆಕ್ಕ ಹಾಕಿ. ನೀವು ಸೆಕೆಂಡಿಗೆ 1.4 ಮೀಟರ್, ಎದುರಿನಿಂದ ಬರುವವರೂ ಅಷ್ಟೇ, ಒಟ್ಟು 2.8. 35ರ ಎಫ್/8 ಪಟ್ಟೆ 3.2 ಮೀಟರ್ ಆಳ. ಅಂದರೆ ಒಬ್ಬ ಮನುಷ್ಯ ಸ್ಪಷ್ಟವಾಗಿರುವುದು ಒಂದು ಸೆಕೆಂಡಿಗಿಂತ ಚೂರು ಹೆಚ್ಚು. ಎಫ್/2.8ರಲ್ಲಿ ಒಂದು ಸೆಕೆಂಡಿನ ಮೂರನೇ ಒಂದು ಪಾಲು. ನೀವು ನಿಂತುಬಿಟ್ಟರೆ ಅದು ಎರಡರಷ್ಟಾಗುತ್ತದೆ. ನಿಲ್ಲುವುದರ ಲಾಭ ಅಷ್ಟೊಂದು ನೇರ. ಅರ್ಧ ವೇಗದಲ್ಲಿ ನಡೆಯುವುದೂ ಇದೇ ಕಾರಣಕ್ಕೆ, ವಿಹಾರಕ್ಕಲ್ಲ.

ನಿಲ್ಲುವವರು ಮೊದಲು ಹಿನ್ನೆಲೆ ಆರಿಸುತ್ತಾರೆ. ಎರಡು ಕಟ್ಟಡಗಳ ಸಂದಿನಿಂದ ಬಿಸಿಲಿನ ಒಂದು ಪಟ್ಟಿ ಕಾಲುದಾರಿಗೆ ಅಡ್ಡ ಬಿದ್ದಿದೆ ಎನ್ನಿ, ಮಾರುದ್ದದ ಅಗಲ. ಅದರ ಆಚೆ ಪೂರಾ ನೆರಳು. ಪಟ್ಟಿಯಿಂದ ಎರಡೂವರೆ ಮೀಟರ್ ಈಚೆ ಗೋಡೆಗೆ ಒರಗಿ, ಎಕ್ಸ್‌ಪೋಷರನ್ನು ಬಿಸಿಲಿಗೆ ಕಟ್ಟಿ ಕಾಯಿರಿ. ತಲೆಯ ಮೇಲೆ ಮೂಟೆ ಹೊತ್ತವನೊಬ್ಬ ನೆರಳಿನಿಂದ ಬರುತ್ತಾನೆ. ಮೊದಲು ಮುಂಚಾಚಿದ ಪಾದ ಬೆಳಗುತ್ತದೆ, ಆಮೇಲೆ ಮೊಣಕೈ, ಆಮೇಲೆ ಮುಖದ ಒಂದು ಕೆನ್ನೆ. ಕೆನ್ನೆ ಬೆಳಗಿದಾಗ ಒತ್ತಿದರೆ ತಡ. ಮೊಣಕೈ ಬೆಳಗಿದಾಗ ಒತ್ತಬೇಕು, ಬೆರಳು ಇಳಿಯುವಷ್ಟರಲ್ಲಿ ಕೆನ್ನೆ ಬಂದಿರುತ್ತದೆ. ಹೆಜ್ಜೆ ಅಗಲವಾಗಿ ತೆರೆದಿರುವುದೂ ಆಗಲೇ. ಕಾಲುಗಳು ಒಂದರ ಹಿಂದೊಂದು ಅಡಗಿದ ಗಳಿಗೆಯಲ್ಲಿ ತೆಗೆದರೆ ಅದೇ ಮನುಷ್ಯ ಒಂಟಿಗಾಲಿನ ಕಂಬವಾಗುತ್ತಾನೆ.

ಮೊದಲ ಐದು ನಿಮಿಷ ಎಲ್ಲರೂ ನಿಮ್ಮನ್ನೇ ನೋಡುತ್ತಾರೆ, ಕಾಲು ಗಂಟೆಯ ನಂತರ ನೀವೂ ದೀಪದ ಕಂಬದ ಹಾಗೆ. ಬಹುತೇಕರು ಎಂಟು ನಿಮಿಷಕ್ಕೇ ಬೇಸತ್ತು ಹೊರಡುತ್ತಾರೆ, ಅಂದರೆ ಸರಿಯಾಗಿ ಕೆಲಸ ಶುರುವಾಗುವ ಮುನ್ನ. ಆದರೆ ನಿಂತು ತೆಗೆದ ಚಿತ್ರಗಳೆಲ್ಲ ಒಂದೇ ಅಚ್ಚಿನವಾಗುವ ಅಪಾಯವಿದೆ: ಬೆಳಕಿನ ಪಟ್ಟಿ, ಅದರೊಳಗೊಂದು ಆಕೃತಿ. ಜನರ ನಡುವಿನ ಜಗಳ, ನಗು, ಮೈಮರೆವು ಸಿಗುವುದು ನಡೆಯುವವರಿಗೆ. ನಡೆಯುವುದಾದರೆ ಹರಿವಿಗೆ ಎದುರಾಗಿ ನಡೆಯಿರಿ, ಜೊತೆಗೆ ನಡೆದರೆ ಬೆನ್ನುಗಳೇ ಸಿಗುತ್ತವೆ. ಒಂದು ಗಂಟೆಯಲ್ಲಿ ನಲವತ್ತು ನಿಮಿಷ ನಿಂತು ಇಪ್ಪತ್ತು ನಿಮಿಷ ನಡೆಯುವುದು ನಮಗೆ ಒಗ್ಗಿದ ಹದ.

ಕೇಳಿ, ಕೇಳದೆ, ಆಮೇಲೆ ಹೇಳಿ

ಮೂರೂ ಬೇರೆ ಬೇರೆ ಚಿತ್ರ ಕೊಡುತ್ತವೆ. ಯಾವುದು ಧರ್ಮ ಎನ್ನುವ ವಾದದಲ್ಲಿ ಇದು ಮರೆತುಹೋಗುತ್ತದೆ.

ಮೊದಲೇ ಕೇಳಿದರೆ ಸಿಗುವುದು ಭಾವಚಿತ್ರ. ದೂರ ಒಂದೂವರೆ ಮೀಟರಿಗೂ ಇಳಿಯಬಹುದು, ಫೋಕಸ್ಸಿಗೆ ಪುರುಸೊತ್ತಿದೆ, 50 ಲೆನ್ಸು ಕೊನೆಗೂ ಕೆಲಸಕ್ಕೆ ಬರುತ್ತದೆ. ಕೇಳುವ ಮಾತು ಚಿಕ್ಕದಿರಲಿ, ಕಾರಣ ಕಣ್ಣಿಗೆ ಕಾಣುವಂಥದ್ದಿರಲಿ: “ಈ ಬಾಗಿಲ ಬೆಳಕು ನಿಮ್ಮ ಮುಖದ ಮೇಲೆ ಚೆನ್ನಾಗಿ ಬೀಳ್ತಿದೆ, ಒಂದು ಫೋಟೋ ತೆಗೀಲಾ?” ನಾನು ಇಂಥವನು, ಇಂಥ ಪ್ರಾಜೆಕ್ಟ್ ಮಾಡ್ತಿದ್ದೀನಿ ಎಂದು ಶುರುಮಾಡಿದರೆ ಅಲ್ಲಿಗೇ ಮುಖ ಗಟ್ಟಿಯಾಗುತ್ತದೆ. ಒಪ್ಪಿದವರು ನೆಟ್ಟಗೆ ನಿಂತು ಉಸಿರು ಕಟ್ಟುತ್ತಾರೆ. ಆ ಮೊದಲ ಫ್ರೇಮನ್ನು ತೆಗೆಯಿರಿ, ಅದು ಅವರಿಗೆ. ಕ್ಯಾಮೆರಾ ಇಳಿಸದೆ ಎರಡು ಎಣಿಸಿ. ಮುಗಿಯಿತೆಂದು ಅವರು ಉಸಿರು ಬಿಟ್ಟು ಭುಜ ಸಡಿಲಿಸುತ್ತಾರಲ್ಲ, ಎರಡನೆಯ ಕ್ಲಿಕ್ ಅಲ್ಲಿ.

ಕೇಳದೆ ತೆಗೆದರೆ ಸಿಗುವುದು ಘಟನೆ. ಅದಕ್ಕೆ 28 ಅಥವಾ 35, ಜೋನ್ ಫೋಕಸ್, ಎರಡೂವರೆ ಮೀಟರ್. ಇಲ್ಲಿ ಎಲ್ಲರೂ ಎಡವುವುದು ಕ್ಲಿಕ್ಕಿಸಿದ ಮರುಕ್ಷಣದಲ್ಲಿ: ಕ್ಯಾಮೆರಾ ಸರಕ್ಕನೆ ಇಳಿಸಿ ಬೇರೆಡೆ ನೋಡುತ್ತಾರೆ. ಕದ್ದದ್ದು ಗೊತ್ತಾಗುವುದೇ ಆ ಇಳಿಸುವಿಕೆಯಲ್ಲಿ. ಕ್ಯಾಮೆರಾ ಕಣ್ಣಿಗಿಟ್ಟೇ ಇನ್ನೂ ಒಂದು ಸೆಕೆಂಡ್ ಅವರು ದಾಟಿಹೋದ ಜಾಗವನ್ನೇ ನೋಡುತ್ತಿರಿ, ಆಮೇಲೆ ನಿಧಾನವಾಗಿ ಇಳಿಸಿ. ಕಣ್ಣು ಸೇರಿದರೆ ತಲೆಯಾಡಿಸಿ ನಕ್ಕುಬಿಡಿ.

ಮೂರನೆಯದು, ತೆಗೆದು ಆಮೇಲೆ ಹೇಳುವುದು. ನಮ್ಮ ಓಟು ಇದಕ್ಕೆ. ಘಟನೆಯೂ ಸಿಗುತ್ತದೆ, ಚಿತ್ರ ತೋರಿಸಿದಾಗ ಎಷ್ಟೋ ಸಲ ಭಾವಚಿತ್ರವೂ. ಆದರೆ ಓಡಾಡುವವರನ್ನು ಹಿಂಬಾಲಿಸಿ ನಿಲ್ಲಿಸಬೇಡಿ, ಅದು ಫೋಟೋ ತೆಗೆದದ್ದಕ್ಕಿಂತ ಹೆಚ್ಚು ಹೆದರಿಸುತ್ತದೆ. ನಿಂತವರಿಗೆ, ಕೂತವರಿಗೆ, ಅಂಗಡಿಯವರಿಗೆ ಮಾತ್ರ.

ಮೂರರಲ್ಲೂ ಬಿಡಬೇಕಾದವು ಕೆಲವಿವೆ: ಬೀದಿಯಲ್ಲಿ ಮಲಗಿದವರು, ಗಾಯಗೊಂಡವರು, ಅಳುತ್ತಿರುವವರು, ದೊಡ್ಡವರು ಜೊತೆಗಿಲ್ಲದ ಮಕ್ಕಳು. ಹತ್ತಿರದಿಂದ ಫ್ಲ್ಯಾಶ್ ಹೊಡೆಯುವುದೂ ಇದೇ ಪಟ್ಟಿಗೆ ಸೇರಬೇಕು, ಹಾಗೆ ಹೆಸರು ಮಾಡಿದವರಿದ್ದರೂ.

ಕಾನೂನು ದೇಶದಿಂದ ದೇಶಕ್ಕೆ ಬೇರೆ, ತೆಗೆಯುವುದೂ ಪ್ರಕಟಿಸುವುದೂ ಒಂದೇ ಅಲ್ಲ. ಜರ್ಮನಿಯಲ್ಲಿ ಇಂದಿಗೂ ಜಾರಿಯಲ್ಲಿರುವ 1907ರ ಕಾಯ್ದೆಯ ಪ್ರಕಾರ, ಕೆಲವು ವಿನಾಯಿತಿ ಬಿಟ್ಟರೆ, ಒಬ್ಬರ ಚಿತ್ರ ಪ್ರಕಟಿಸಲು ಅವರ ಒಪ್ಪಿಗೆ ಬೇಕು. ಕ್ವಿಬೆಕ್‌ನಲ್ಲಿ ಕಟ್ಟಡದ ಮೆಟ್ಟಿಲ ಮೇಲೆ ಕೂತಿದ್ದ ಹದಿನೇಳರ ಹುಡುಗಿಯ ಚಿತ್ರ ಕೇಳದೆ ಪತ್ರಿಕೆಯಲ್ಲಿ ಬಂದದ್ದಕ್ಕೆ ಕೆನಡಾದ ಸುಪ್ರೀಂ ಕೋರ್ಟು 1998ರಲ್ಲಿ 2,000 ಡಾಲರ್ ಪರಿಹಾರವನ್ನು ಎತ್ತಿಹಿಡಿಯಿತು. ಅಂಥ ಕಡೆ ಪ್ರಕಟಣೆಯ ಆಸೆಯಿದ್ದರೆ ಮೊದಲ ದಾರಿಯೋ ಮೂರನೆಯದೋ ಗತಿ.

ಯಾರಾದರೂ ಬೇಡ ಎಂದರೆ ವಾದ ಬೇಡ, ಅವರೆದುರಿಗೇ ಅಳಿಸಿ. ಅಳಿಸುವುದನ್ನೂ ಸರಿಯಾಗಿ ಮಾಡಬೇಕು. ಎರಡು ಕಾರ್ಡು ಹಾಕುವ ಕ್ಯಾಮೆರಾಗಳಲ್ಲಿ ಹಲವು ಒಂದರಿಂದ ಮಾತ್ರ ತೆಗೆದು ಇನ್ನೊಂದರಲ್ಲಿ ಪ್ರತಿ ಉಳಿಸಿಕೊಂಡಿರುತ್ತವೆ. ಬರ್ಸ್ಟಿನಲ್ಲಿ, ಅಂದರೆ ಒಂದರ ಹಿಂದೊಂದು ಸರಸರನೆ ತೆಗೆದಿದ್ದರೆ ಹಿಂದೆ ಮುಂದೆ ಅದೇ ಮುಖದ ನಾಲ್ಕೈದು ಫ್ರೇಮುಗಳಿರುತ್ತವೆ. ಫೋನಿನಲ್ಲಿ ಅಳಿಸಿದ್ದು ಕಸದ ಬುಟ್ಟಿಯ ಫೋಲ್ಡರಿಗೆ ಹೋಗಿ ವಾರಗಟ್ಟಲೆ ಅಲ್ಲೇ ಇರುತ್ತದೆ. ಅದನ್ನು ತೆರೆದು, ಅಲ್ಲಿಂದಲೂ ತೆಗೆದು, ಖಾಲಿಯಾದ ಪರದೆಯನ್ನು ಅವರ ಕಡೆ ತಿರುಗಿಸಿ ತೋರಿಸಿ.